ಮೇಜಿನ ಮೇಲೆ ಆಲ್ಪ್ಸ್ ಪರ್ವತದ ರೈಲು



ಹವ್ಯಾಸಗಳೆಂದರೆ ನಮಗೆ ಸಾಮಾನ್ಯವಾಗಿ ನೆನಪಾಗುವುದು ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ, ಛಾಯಾಗ್ರಹಣ, ಕೈತೋಟ. ರೈಲಿನ ಮಾದರಿ ಎಂದೊಡನೆ ಮಾತ್ರ ಕಣ್ಣಮುಂದೆ ಬರುವುದು ಕೀಲಿ ಕೊಟ್ಟರೆ ಗಿರಗಿರನೆ ಸುತ್ತುವ ಮಕ್ಕಳ ಆಟಿಕೆ. ಇಂದು ನಾನು ಹೇಳಹೊರಟಿರುವುದು ಆಟಿಕೆಯ ವಿಷಯವನ್ನಲ್ಲ. ನಿಜವಾದ ಒಂದು ರೈಲುದಾರಿಯನ್ನು ಅಳತೆ ತಪ್ಪದಂತೆ ಕಿರಿದುಗೊಳಿಸಿ, ಮನೆಯ ಒಂದು ಮೂಲೆಯಲ್ಲಿ ನಿಲ್ಲಿಸುವ ಕೆಲಸವನ್ನು. ಜಗತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕುವವರು ಬಹಳ ಪ್ರೀತಿಯಿಂದ ಆರಿಸಿಕೊಳ್ಳುವ ದಾರಿಗಳಲ್ಲಿ ಸ್ವಿಟ್ಜರ್ಲೆಂಡಿನ ಕಿರಿದಾದ ರೈಲುದಾರಿಗಳೂ ಸೇರಿವೆ. ಅದಕ್ಕೆ ಅಲ್ಲಿನ ಹಿಮಗಿರಿಗಳ ಚೆಲುವೊಂದೇ ಕಾರಣವೆಂದು ಅನೇಕರು ತಿಳಿದಿದ್ದಾರೆ. ಚೆಲುವು ಒಂದು ಕಾರಣ ಹೌದು. ಆದರೆ ಅದಕ್ಕಿಂತ ದೊಡ್ಡ ಕಾರಣ ಮತ್ತೊಂದಿದೆ. ಆ ರೈಲುದಾರಿಗಳನ್ನು ಕಟ್ಟಿದ ಎಂಜಿನಿಯರುಗಳಿಗಿದ್ದ ತೊಂದರೆಯೂ, ಮನೆಯಲ್ಲಿ ಮಾದರಿ ಕಟ್ಟುವವನಿಗಿರುವ ತೊಂದರೆಯೂ ಒಂದೇ. ಇಬ್ಬರಿಗೂ ಜಾಗ ಸಾಲದು, ಹಣವೂ ಸಾಲದು. ಈ ಮಾತನ್ನೇ ಸ್ವಲ್ಪ ವಿವರವಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ಗೇಜು ಎಂದರೇನು ಎಂಬುದನ್ನು ನೋಡೋಣ. ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವೇ ಗೇಜು. ನಮ್ಮ ದೇಶದ ಬ್ರಾಡ್‌ಗೇಜಿನಲ್ಲಿ ಈ ಅಂತರ 1676 ಮಿಲಿಮೀಟರ್. ಯೂರೋಪಿನ ಬಹುಪಾಲು ದೇಶಗಳಲ್ಲಿ 1435 ಮಿಲಿಮೀಟರ್. ಅದನ್ನು ಸ್ಟ್ಯಾಂಡರ್ಡ್ ಗೇಜ್ ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಿರುವುದೆಲ್ಲ ಅಲ್ಲಿನವರ ಲೆಕ್ಕದಲ್ಲಿ ನ್ಯಾರೋಗೇಜ್. ಸ್ವಿಟ್ಜರ್ಲೆಂಡಿನ ನ್ಯಾರೋಗೇಜುಗಳಲ್ಲಿ ಹೆಚ್ಚಿನವು ಸರಿಯಾಗಿ ಒಂದು ಮೀಟರ್ ಅಗಲದವು. ಅಂದರೆ ನಾವು ಮೀಟರ್‌ಗೇಜ್ ಎಂದು ಕರೆಯುತ್ತಿದ್ದ ದಾರಿಯೇ ಅದು. ನಮ್ಮಲ್ಲಿ ನ್ಯಾರೋಗೇಜ್ ಎಂದರೆ ಇನ್ನೂ ಕಿರಿದು. ಬಂಗಾರಪೇಟೆಯಿಂದ ಕೋಲಾರದ ಕಡೆಗೆ 1913ರಲ್ಲಿ ಆರಂಭವಾದ ಪುಟ್ಟ ಗಾಡಿ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿತ್ತು. ಬೆಂಗಳೂರು–ಮೈಸೂರು ದಾರಿ ಬ್ರಾಡ್‌ಗೇಜ್ ಆಗುವ ಮೊದಲು ಅಲ್ಲಿ ಪ್ರಯಾಣ ಮಾಡಿದ ಹಿರಿಯರಿಗೆ ಮೀಟರ್‌ಗೇಜಿನ ಬೋಗಿಯ ಇಕ್ಕಟ್ಟು, ಅದರ ಓಲಾಟ ಇನ್ನೂ ನೆನಪಿರಬಹುದು. ಆ ನೆನಪನ್ನು ಇಟ್ಟುಕೊಂಡೇ ಆಲ್ಪ್ಸ್ ಪರ್ವತಗಳ ಕಡೆಗೆ ಹೋಗೋಣ.

ಸ್ವಿಟ್ಜರ್ಲೆಂಡಿನ ಪೂರ್ವಕ್ಕೆ ಗ್ರೌಬ್ಯುಂಡನ್ ಎಂಬ ಪ್ರಾಂತವಿದೆ. ಆಳವಾದ ಕಣಿವೆಗಳು, ಅಲ್ಲೊಂದು ಇಲ್ಲೊಂದು ಹಳ್ಳಿ, ವರ್ಷದಲ್ಲಿ ಹಲವು ತಿಂಗಳು ಹಿಮ. ಅಲ್ಲಿನ ದಾವೋಸ್ ಊರು ಕ್ಷಯರೋಗಿಗಳು ಚಿಕಿತ್ಸೆಗಾಗಿ ಹುಡುಕಿಕೊಂಡು ಬರುತ್ತಿದ್ದ ಸ್ಥಳ. ಹಾಲೆಂಡ್ ಮೂಲದ ವಿಲೆಮ್ ಯಾನ್ ಹೋಲ್ಸ್‌ಬೋಯರ್ ಅಲ್ಲಿಗೆ ರೈಲು ತರಲು ಮುಂದಾದರು. 1888ರಲ್ಲಿ ಕಂಪನಿ ಸ್ಥಾಪನೆಯಾಯಿತು; 1890ರಲ್ಲಿ ಗಾಡಿ ದಾವೋಸ್ ಮುಟ್ಟಿತು. ಇದೇ ಮುಂದೆ ಬೆಳೆದು ರೇಷಿಯನ್ ರೈಲ್ವೆ ಎನಿಸಿಕೊಂಡಿತು. ಹಳಿ ಕಿರಿದಾಗಿದ್ದರೆ ಗಾಡಿ ಕಿರಿದು, ಸುರಂಗ ಕಿರಿದು, ಬೆಟ್ಟವನ್ನು ಕಡಿಯುವ ಕೆಲಸ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ತಿರುವುಗಳು ಬಿಗಿಯಾಗಿರಬಹುದು. ಬೆಟ್ಟ ಅಡ್ಡ ಬಂದಲ್ಲೆಲ್ಲ ಅದನ್ನು ಕೊರೆಯುವ ಬದಲು ಅದರ ಮಗ್ಗುಲಲ್ಲೇ ಬಳಸಿ ಹೋಗಬಹುದು. ದೊಡ್ಡ ರೈಲಿಗೆ ಹಣವೂ ಇಲ್ಲದ, ಸಮತಟ್ಟು ನೆಲವೂ ಇಲ್ಲದ ಸೀಮೆಗೆ ಇದೇ ತಕ್ಕ ದಾರಿಯಾಯಿತು.

ಇದರ ಫಲವನ್ನು ಆಲ್ಬುಲಾ ಮಾರ್ಗದಲ್ಲಿ ನೋಡಬೇಕು. ಫ್ರೀಡ್ರಿಶ್ ಹೆನಿಂಗ್ಸ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ಕಟ್ಟಿದ ಈ ಮಾರ್ಗ 1903ರಲ್ಲಿ ಚೆಲೆರಿನಾದವರೆಗೂ 1904ರಲ್ಲಿ ಸೇಂಟ್ ಮೊರಿಟ್ಸ್‌ವರೆಗೂ ತೆರೆಯಿತು. ಬೆರ್ಗ್ಯುನ್ ಮತ್ತು ಪ್ರೆಡಾ ಎಂಬ ಎರಡು ಊರುಗಳ ನಡುವೆ ಎತ್ತರದ ವ್ಯತ್ಯಾಸ 416 ಮೀಟರ್. ಹಕ್ಕಿ ಹಾರುವ ದೂರ ಆರು ಕಿಲೋಮೀಟರಿನ ಆಸುಪಾಸು. ಅಷ್ಟರಲ್ಲಿ ಅಷ್ಟು ಎತ್ತರ ಹತ್ತುವುದು ಸಾಮಾನ್ಯ ಎಂಜಿನ್ನಿಗೆ ಸಾಧ್ಯವಿಲ್ಲ. ಸಾವಿರ ಮೀಟರ್ ಓಡಿದರೆ 35 ಮೀಟರ್ ಏರಬೇಕು, ಅದಕ್ಕಿಂತ ಹೆಚ್ಚಿಲ್ಲ ಎಂಬುದು ಅವರು ಹಾಕಿಕೊಂಡ ನಿಯಮ. ಆದ್ದರಿಂದ ದಾರಿಯನ್ನೇ ಹಗ್ಗದಂತೆ ಸುತ್ತಿ, ಮೂರು ಸುರುಳಿ ಸುರಂಗಗಳನ್ನು ಕೊರೆದು, ಹೊಳೆಯನ್ನು ಮತ್ತೆ ಮತ್ತೆ ದಾಟಿಸಿ, 12 ಕಿಲೋಮೀಟರಿಗೂ ಮಿಗಿಲಾಗಿ ಎಳೆದರು. ಇದೇ ಮಾರ್ಗದಲ್ಲಿ ಲಾಂಡ್‌ವಾಸರ್ ಎಂಬ ಪ್ರಸಿದ್ಧ ಕಮಾನು ಸೇತುವೆಯಿದೆ. ಎತ್ತರ 65 ಮೀಟರ್, ತಲಾ 20 ಮೀಟರಿನ ಆರು ಕಮಾನು. 100 ಮೀಟರ್ ತ್ರಿಜ್ಯದಲ್ಲಿ ಬಾಗಿದ ಈ ಸೇತುವೆ ಕಡಿದಾದ ಬಂಡೆಯಲ್ಲಿರುವ ಸುರಂಗದ ಬಾಯಿಗೇ ನೇರವಾಗಿ ಹೋಗಿ ಸೇರುತ್ತದೆ. ಅದರ ಮುಖ್ಯ ಕಂಬಗಳನ್ನು ಸಾರುವೆ ಕಟ್ಟದೆಯೇ, ಕ್ರೇನುಗಳ ನೆರವಿನಿಂದ ಮೇಲೆಬ್ಬಿಸಿದರು.

ಇನ್ನೊಂದು ಮಾರ್ಗ ಬರ್ನಿನಾ. 1908ರಿಂದ 1910ರ ನಡುವೆ ಹಂತಹಂತವಾಗಿ ತೆರೆದ ಇದು ಸೇಂಟ್ ಮೊರಿಟ್ಸ್‌ನಿಂದ 2253 ಮೀಟರ್ ಎತ್ತರದ ಕಣಿವೆಮಾರ್ಗವನ್ನು ದಾಟಿ, ಇಟಲಿಯ ತಿರಾನೊ ಪಟ್ಟಣಕ್ಕೆ, ಅಂದರೆ 429 ಮೀಟರಿಗೆ ಇಳಿಯುತ್ತದೆ. ಇಲ್ಲಿ ಸಾವಿರಕ್ಕೆ 70 ಮೀಟರ್ ಏರು. ತಿರುವಿನ ತ್ರಿಜ್ಯ ಕೆಲವೆಡೆ 45 ಮೀಟರ್ ಮಾತ್ರ. ಹಲ್ಲಿನ ಹಳಿಯ ಸಹಾಯವಿಲ್ಲದೆ, ಚಕ್ರ ಮತ್ತು ಹಳಿಗಳ ನಡುವಿನ ಹಿಡಿತವೊಂದರಿಂದಲೇ ಗಾಡಿ ಇದನ್ನು ಹತ್ತುತ್ತದೆ. 2008ರಲ್ಲಿ ಯುನೆಸ್ಕೊ ಈ ಎರಡೂ ಮಾರ್ಗಗಳನ್ನು ಸುತ್ತಣ ಭೂದೃಶ್ಯದ ಸಮೇತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ 45 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಮಾದರಿ ಕಟ್ಟುವವನ ಭಾಗ್ಯವೆಲ್ಲ ಅದರಲ್ಲಿದೆ.

ಈಗ ಮನೆಯೊಳಗೆ ಬರೋಣ. ಮಾದರಿ ಎಂದರೆ ಅಳತೆಯ ಪ್ರಮಾಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಪ್ರಮಾಣ: ನಿಜವಾದ ವಸ್ತುವಿನ 87ನೇ ಒಂದು ಭಾಗ. ಅದಕ್ಕಿಂತ ಚಿಕ್ಕದು ಎನ್ ಪ್ರಮಾಣ: 160ನೇ ಒಂದು ಭಾಗ. ಒಂದು ಮೀಟರಿನ ಹಳಿಯನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಬರುತ್ತದೆ. ತಯಾರಕರು ಅದನ್ನು 12 ಎಂದು ನಿಗದಿ ಮಾಡಿಕೊಂಡಿದ್ದಾರೆ. ಮೀಟರ್‌ಗೇಜ್ ಎಂಬುದನ್ನು ಸೂಚಿಸಲು ಕೊನೆಗೊಂದು ಎಂ ಅಕ್ಷರ ಸೇರಿಸಿ ಇದನ್ನು ಎಚ್‌ಒಎಂ ಎನ್ನುತ್ತಾರೆ. 160ರಿಂದ ಭಾಗಿಸಿದರೆ ಆರೂಕಾಲು ಮಿಲಿಮೀಟರ್; ಅದಕ್ಕೆ ಆರೂವರೆ ಮಿಲಿಮೀಟರಿನ ಹಳಿ ಬಳಸುತ್ತಾರೆ, ಅದು ಎನ್‌ಎಂ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1972ರಲ್ಲಿ 220ನೇ ಒಂದು ಭಾಗದ ಝೆಡ್ ಪ್ರಮಾಣದ ರೈಲನ್ನು ಹೊರತಂದಾಗ ಅದರ ಹಳಿಯ ಅಗಲವೂ ಆರೂವರೆ ಮಿಲಿಮೀಟರೇ ಆಗಿತ್ತು. ಹೀಗೆ ಒಬ್ಬರಿಗಾಗಿ ಮಾಡಿದ ಹಳಿ ಮತ್ತೊಬ್ಬರ ಕೆಲಸಕ್ಕೂ ಒದಗಿಬಂತು.

ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬರುತ್ತದೆ. ರೈಲು ಮಾದರಿಯಲ್ಲಿ ಗಾಡಿಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕಿರಿದುಗೊಳಿಸುತ್ತಾರೆ. ಬಾಗಿಲ ಹಿಡಿಕೆ, ಕಿಟಕಿಯ ಅಂಚು, ಬರೆಹ, ಬಣ್ಣ ಎಲ್ಲವೂ ನಿಖರ. ಆದರೆ ದಾರಿಯಲ್ಲಿ ಮಾತ್ರ ಸುಳ್ಳು ನುಸುಳುತ್ತದೆ. ಒಂದು ಉದಾಹರಣೆ ನೋಡಿ. ಗೊಟ್ಹಾರ್ಡ್ ಪರ್ವತವನ್ನು ಹತ್ತುವ ಸ್ಟ್ಯಾಂಡರ್ಡ್ ಗೇಜ್ ಮಾರ್ಗದಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 280 ಮೀಟರ್. ಎಚ್‌ಒ ಪ್ರಮಾಣದಲ್ಲಿ ಅದು ಮೂರೂಕಾಲು ಮೀಟರಿನಷ್ಟಾಗುತ್ತದೆ. ಗಾಡಿ ಒಂದು ಸುತ್ತು ಬರಬೇಕಾದರೆ ಆರೂವರೆ ಮೀಟರ್ ಅಗಲದ ಕೋಣೆ ಬೇಕು. ಅಂಥ ಕೋಣೆ ಎಷ್ಟು ಮನೆಗಳಲ್ಲಿದೆ? ಆದ್ದರಿಂದ ಅಂಗಡಿಯಲ್ಲಿ ಸಿಗುವ ಹಳಿಯ ತುಂಡುಗಳಲ್ಲಿ ಅತ್ಯಂತ ಬಿಗಿಯಾದುದರ ತ್ರಿಜ್ಯ ಸುಮಾರು 36 ಸೆಂಟಿಮೀಟರ್. ಅದನ್ನು ನಿಜದ ಅಳತೆಗೆ ತಿರುಗಿಸಿದರೆ 31 ಮೀಟರ್ ಮಾತ್ರ. ಅಂದರೆ ನಿಜಕ್ಕೂ ಮಾದರಿಗೂ ಒಂಬತ್ತು ಪಟ್ಟು ಅಂತರ. ಉದ್ದನೆಯ ಎಕ್ಸ್‌ಪ್ರೆಸ್ ಬೋಗಿಗಳು ಅಂಥ ತಿರುವಿನಲ್ಲಿ ಮೂಲೆಗಳನ್ನು ಹೊರಚಾಚಿಕೊಂಡು ಹೋಗುವಾಗ ಅದು ರೈಲೆಂದು ಕಣ್ಣು ಒಪ್ಪುವುದಿಲ್ಲ.

ಈಗ ಬರ್ನಿನಾದ 45 ಮೀಟರನ್ನು ನೆನಪು ಮಾಡಿಕೊಳ್ಳಿ. ಎಚ್‌ಒಎಂ ಪ್ರಮಾಣದಲ್ಲಿ ಅದು 52 ಸೆಂಟಿಮೀಟರ್ ಆಗುತ್ತದೆ. ಆ ಪ್ರಮಾಣದಲ್ಲಿ ಸಿಗುವ ಬಿಗಿಯಾದ ಹಳಿಯ ತ್ರಿಜ್ಯ 33 ಸೆಂಟಿಮೀಟರ್. ಅಂತರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಸ್ವಲ್ಪ ಉದಾರವಾಗಿ ಜಾಗ ಬಿಟ್ಟರೆ ಅದೂ ಇರುವುದಿಲ್ಲ. ಎನ್‌ಎಂ ಪ್ರಮಾಣಕ್ಕೆ ಇಳಿದರೆ 45 ಮೀಟರಿನ ತಿರುವು 28 ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ. 75 ಸೆಂಟಿಮೀಟರ್ ಅಗಲದ ಒಂದು ಹಲಗೆಯ ಮೇಲೆ ಗಾಡಿ ಪೂರ್ತಿಯಾಗಿ ತಿರುಗಿ ಬರಬಹುದು, ಅದೂ ಒಂದಿಷ್ಟೂ ಸುಳ್ಳು ಹೇಳದೆ. ಬ್ರೂಸಿಯೊ ಎಂಬ ಊರಿನ ಬಳಿ ಬರ್ನಿನಾ ಮಾರ್ಗ ಬಯಲಿನಲ್ಲೇ ಒಂದು ಸುತ್ತು ತಿರುಗಿ, ಒಂಬತ್ತು ಕಮಾನಿನ ಸೇತುವೆಯ ಮೇಲೆ ಹೋದ ಗಾಡಿ ಅದೇ ಸೇತುವೆಯ ಕೆಳಗೆ ಹಾಯ್ದು ಬರುತ್ತದೆ. ಆ ಸುತ್ತಿನ ತ್ರಿಜ್ಯ 70 ಮೀಟರ್. ಎನ್‌ಎಂನಲ್ಲಿ ಅದರ ಅಡ್ಡಳತೆ ಸುಮಾರು 88 ಸೆಂಟಿಮೀಟರ್. ಜಗತ್ಪ್ರಸಿದ್ಧವಾದ ಒಂದು ರೈಲ್ವೆ ಅದ್ಭುತ ನಿಜವಾದ ಪ್ರಮಾಣದಲ್ಲಿ ನಮ್ಮ ಊಟದ ಮೇಜಿನ ಮೇಲೆ ಕೂರುತ್ತದೆ! ಸ್ಟ್ಯಾಂಡರ್ಡ್ ಗೇಜಿನ ಮುಖ್ಯ ಮಾರ್ಗಗಳಲ್ಲಿ ಈ ಮಾತು ಹೇಳುವುದು ಕಷ್ಟ.

ಹಾಗಾದರೆ ಯಾವ ಪ್ರಮಾಣ ಆರಿಸಿಕೊಳ್ಳಬೇಕು? ಒಂದೊಂದರಲ್ಲೂ ಒಂದು ಲಾಭ, ಒಂದು ನಷ್ಟ. ಎಚ್‌ಒಎಂನಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. 1976ರಲ್ಲಿ ಜರ್ಮನಿಯಲ್ಲಿ ಆರಂಭವಾದ ಬೆಮೊ ಕಂಪನಿ ಈ ಕ್ಷೇತ್ರದಲ್ಲಿ ಹೆಸರಾದದ್ದು. ರೇಷಿಯನ್ ರೈಲ್ವೆಯ ಎಂಜಿನ್, ಬೋಗಿ, ಹಳಿ ಎಲ್ಲವನ್ನೂ ತಯಾರಿಸುತ್ತದೆ. ಬೋಗಿಯ ಉದ್ದ ಸುಮಾರು 21 ಸೆಂಟಿಮೀಟರ್. ಕೈಗೆ ಹಿಡಿಯಲು, ಕಣ್ಣಿಗೆ ಕಾಣಲು ಅನುಕೂಲ. ಆದರೆ ಒಂದು ಎಂಜಿನ್ನಿಗೆ ಐದು ಬೋಗಿ ಕಟ್ಟಿದರೆ ಒಂದೂಕಾಲು ಮೀಟರಿನಷ್ಟು ಉದ್ದವಾಗುತ್ತದೆ, ಬೆಲೆಯೂ ಹಗುರವಲ್ಲ. ಎನ್‌ಎಂನಲ್ಲಿ ಅದೇ ಗಾಡಿ 65 ಸೆಂಟಿಮೀಟರಿಗೆ ಮುಗಿಯುತ್ತದೆ. ಆದರೆ ಇಲ್ಲಿ ದೊಡ್ಡ ಕಂಪನಿಗಳ ತಯಾರಿಕೆ ವಿರಳ. ಬಿಡಿಭಾಗ ತಂದು ಜೋಡಿಸುವ, ಕೈಯಿಂದಲೇ ಮಾಡುವ ಕೆಲಸ ಹೆಚ್ಚು. ಝೆಡ್ ಹಳಿಯನ್ನು ಬಳಸಿದಾಗ ಅದರ ಸ್ಲೀಪರುಗಳು ತೀರ ಚಿಕ್ಕದಾಗಿ, ಒತ್ತೊತ್ತಾಗಿ ಕಾಣುತ್ತವೆ. ಜಲ್ಲಿಯನ್ನು ಸ್ವಲ್ಪ ಧಾರಾಳವಾಗಿ ಸುರಿದು ಅದನ್ನು ಮರೆಸಬೇಕಾಗುತ್ತದೆ.

ಮೂರನೆಯ ದಾರಿಯೊಂದಿದೆ. ಜಪಾನಿನ ಕಾಟೊ ಕಂಪನಿ ಗ್ಲೇಸಿಯರ್ ಎಕ್ಸ್‌ಪ್ರೆಸ್ ಮುಂತಾದ ಸ್ವಿಸ್ ಗಾಡಿಗಳನ್ನು 150ನೇ ಒಂದು ಭಾಗದಲ್ಲಿ ಮಾಡಿ, ಎಲ್ಲೆಡೆ ಸುಲಭವಾಗಿ ಸಿಗುವ 9 ಮಿಲಿಮೀಟರಿನ ಎನ್ ಹಳಿಯ ಮೇಲೆಯೇ ಓಡಿಸುತ್ತದೆ. ಲೆಕ್ಕ ಹಾಕಿದರೆ ಆ ಹಳಿಯ ಅಗಲ ನಿಜದಲ್ಲಿ 1350 ಮಿಲಿಮೀಟರಿಗೆ ಸಮ. ಅಂದರೆ ಮೀಟರ್‌ಗೇಜ್ ಗಾಡಿ ಬಹುಪಾಲು ಸ್ಟ್ಯಾಂಡರ್ಡ್ ಗೇಜಿನ ಮೇಲೆ ಓಡಿದಂತಾಯಿತು. ಪಕ್ಕದಿಂದ ನೋಡಿದರೆ ತಿಳಿಯುವುದಿಲ್ಲ. ಎದುರಿನಿಂದ ನೋಡಿದರೆ ಗಾಡಿ ಕಾಲು ಅಗಲಿಸಿ ನಿಂತಂತೆ ಕಾಣುತ್ತದೆ. ಆದರೆ ಓಟ ನಂಬಲರ್ಹ, ಖರ್ಚು ಕಡಿಮೆ, ಹೊಸಬರಿಗೆ ಸುಲಭ. ಇದನ್ನು ತಪ್ಪೆಂದು ಹಳಿಯಬೇಕಾಗಿಲ್ಲ. ಎಲ್ಲಿ ರಾಜಿ ಮಾಡಿಕೊಂಡಿದ್ದೇವೆ ಎಂಬುದು ನಮಗೆ ತಿಳಿದಿದ್ದರೆ ಸಾಕು.

ಪ್ರಮಾಣವನ್ನು ನಿಶ್ಚಯಿಸಿದ ಮೇಲೆ ಎರಡನೆಯ ಪ್ರಶ್ನೆ: ಏನನ್ನು ಕಟ್ಟಬೇಕು? ಸಾಮಾನ್ಯವಾಗಿ ಉತ್ಸಾಹಿಗಳು ಎಡವುವುದು ಇಲ್ಲೇ. ಬೆರ್ಗ್ಯುನ್‌ನಿಂದ ಪ್ರೆಡಾವರೆಗಿನ ಸುರುಳಿಗಳನ್ನೆಲ್ಲ ಕಟ್ಟಬೇಕೆಂದು ಹೊರಡುತ್ತಾರೆ. ಎನ್‌ಎಂ ಪ್ರಮಾಣದಲ್ಲೇ ಆ ಹಳಿಯ ಉದ್ದ 75 ಮೀಟರ್ ದಾಟುತ್ತದೆ. ಏರಬೇಕಾದ ಎತ್ತರ 2.6 ಮೀಟರ್, ಅಂದರೆ ಕೋಣೆಯ ನೆಲದಿಂದ ಹೆಚ್ಚುಕಡಿಮೆ ಸೂರಿನವರೆಗೆ. ಎಚ್‌ಒಎಂನಲ್ಲಾದರೆ 4.8 ಮೀಟರ್, ಸೂರು ಒಡೆದು ಮೇಲಿನ ಅಂತಸ್ತಿಗೆ ಹೋಗಬೇಕು. ಲಾಂಡ್‌ವಾಸರ್ ಸೇತುವೆಯೊಂದೇ ಎಚ್‌ಒಎಂನಲ್ಲಿ 75 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಇಂಥ ಯೋಜನೆ ಹಾಕಿಕೊಂಡವರ ಮನೆಯಲ್ಲಿ ವರ್ಷಗಟ್ಟಲೆ ಬರಿ ಹಲಗೆ, ತಂತಿ, ಧೂಳು ಉಳಿಯುವುದುಂಟು. ಹಣ ಹೋಯಿತು, ಒಂದು ಕೋಣೆ ಹೋಯಿತು, ಮನೆಯವರ ಸಹನೆಯೂ ಹೋಯಿತು. ಕೊನೆಗೆ ಒಂದು ದಿನ ಎಲ್ಲವನ್ನೂ ಕಿತ್ತು ಅಟ್ಟಕ್ಕೆ ಹಾಕುತ್ತಾರೆ. ಹವ್ಯಾಸವೇ ಮುರಿದುಬೀಳುವುದು ಹೀಗೆ. ಕೈಯಲ್ಲಿ ಕಸುಬಿಲ್ಲದೆ ಅಲ್ಲ, ಏನನ್ನು ಬಿಡಬೇಕು ಎಂಬುದು ತಿಳಿಯದೆ.

ಆಲ್ಬುಲಾ ಕಟ್ಟಿದವರೂ ಬಿಡುವುದನ್ನು ಬಲ್ಲವರು. ದೊಡ್ಡ ಗೇಜನ್ನು ಬಿಟ್ಟರು, ವೇಗವನ್ನು ಬಿಟ್ಟರು, ನೇರ ದಾರಿಯನ್ನು ಬಿಟ್ಟರು. ಬಿಟ್ಟದ್ದರಿಂದಲೇ ದಾರಿ ಉಳಿಯಿತು. ಮನೆಯ ಮಾದರಿಗೂ ಅದೇ ನೀತಿ. ಒಂದು ನಿಲ್ದಾಣ, ಒಂದು ತಿರುವು, ಒಂದು ಸುರಂಗದ ಬಾಯಿ, ಇಷ್ಟೇ ಸಾಕು. ಬರ್ನಿನಾ ಮಾರ್ಗದಲ್ಲಿ ಆಲ್ಪ್ ಗ್ರ್ಯುಮ್ ಎಂಬ ನಿಲ್ದಾಣವಿದೆ, 2091 ಮೀಟರ್ ಎತ್ತರದಲ್ಲಿ. ಕಲ್ಲಿನ ಒಂದು ಕಟ್ಟಡ, ಎದುರಿಗೆ ಹಿಮನದಿಯ ನೋಟ, ನಿಲ್ದಾಣ ಬಿಟ್ಟೊಡನೆ ಗಾಡಿ ಬಂದ ದಿಕ್ಕಿಗೇ ತಿರುಗಿ ಕೆಳಗಿಳಿಯುವ ಒಂದು ದೊಡ್ಡ ತಿರುವು. ಅಷ್ಟು ಎತ್ತರದಲ್ಲಿ ಮರಗಳು ಕಡಿಮೆ, ಹುಲ್ಲು ಮತ್ತು ಬಂಡೆಗಳೇ ಹೆಚ್ಚು. ಸಾವಿರಾರು ಮರಗಳನ್ನು ಕೈಯಿಂದ ಮಾಡುವ ಕೆಲಸವೂ ಉಳಿಯಿತು! ಇಂಥ ಒಂದು ನೋಟವನ್ನು ಆರಿಸಿಕೊಂಡರೆ ಎರಡು ಮೀಟರ್ ಉದ್ದದ, ಮುಕ್ಕಾಲು ಮೀಟರ್ ಅಗಲದ ಹಲಗೆಯ ಮೇಲೆ ಮನಸ್ಸಿಗೆ ಒಪ್ಪುವ ಮಾದರಿಯನ್ನು ಮುಗಿಸಬಹುದು. ಮುಗಿಸುವುದೇ ಮುಖ್ಯ.

ಇನ್ನು ಏರಿನ ಲೆಕ್ಕ. ಸುರಂಗದೊಳಗೆ ಒಂದು ಸುತ್ತು ಸುತ್ತಿಸಿ ಗಾಡಿಯನ್ನು ಮೇಲಕ್ಕೆ ತರಬೇಕೆಂದುಕೊಳ್ಳಿ. ಎಚ್‌ಒಎಂನಲ್ಲಿ 33 ಸೆಂಟಿಮೀಟರ್ ತ್ರಿಜ್ಯದ ಒಂದು ಸುತ್ತು ಎಂದರೆ ಎರಡು ಮೀಟರಿಗಿಂತ ತುಸು ಹೆಚ್ಚು ಹಳಿ. ನೂರಕ್ಕೆ ಮೂರೂವರೆಯಂತೆ ಏರಿದರೆ ಸಿಗುವ ಎತ್ತರ ಸುಮಾರು 7 ಸೆಂಟಿಮೀಟರ್. ಗಾಡಿಯ ಎತ್ತರ, ಅದರ ಮೇಲಿನ ವಿದ್ಯುತ್ ತಂತಿ, ಮೇಲಿನ ಹಳಿಯನ್ನು ಹೊರುವ ಪ್ಲೈವುಡ್ ಇವೆಲ್ಲ ಸೇರಿದರೆ 8 ಸೆಂಟಿಮೀಟರ್ ಬೇಕು. ಸಾಲದು. ತ್ರಿಜ್ಯವನ್ನು 40ಕ್ಕೆ ಹಿಗ್ಗಿಸಿ. ಸುತ್ತು ಎರಡೂವರೆ ಮೀಟರ್ ಆಗುತ್ತದೆ, ಎತ್ತರ 8.8 ಸೆಂಟಿಮೀಟರ್ ಆಗುತ್ತದೆ, ಗಾಡಿ ಹಾಯುತ್ತದೆ. ಏರನ್ನೇ ಕಡಿದು ಮಾಡಿದರಾಗದೇ ಎಂದು ಕೇಳಬಹುದು. ನಿಜವಾದ ಬರ್ನಿನಾ ಗಾಡಿ ನೂರಕ್ಕೆ ಏಳರ ಏರನ್ನು ಹತ್ತುತ್ತದೆ, ಸರಿ. ಆದರೆ ಮಾದರಿ ಎಂಜಿನ್ ಹಗುರ. ಬಿಗಿ ತಿರುವಿನಲ್ಲಿ ಚಕ್ರಗಳ ತಿಕ್ಕಾಟವೂ ಹೆಚ್ಚು. ಮೂರು ಬೋಗಿ ಎಳೆಯುವಷ್ಟರಲ್ಲಿ ಚಕ್ರ ನಿಂತಲ್ಲೇ ತಿರುಗತೊಡಗುತ್ತದೆ. ಎನ್‌ಎಂನಲ್ಲಿ ಬ್ರೂಸಿಯೊ ಸುತ್ತನ್ನು ಕಟ್ಟುವವರು ನೂರಕ್ಕೆ ಮೂರರ ಏರನ್ನೇ ಇಟ್ಟರೂ ಒಂದು ಸುತ್ತಿಗೆ 8 ಸೆಂಟಿಮೀಟರ್ ಸಿಗುತ್ತದೆ. ಕೆಳಗೆ ಗಾಡಿ ಹಾಯಲು ಅಷ್ಟು ಧಾರಾಳವಾಗಿ ಸಾಕು. ನಕ್ಷೆ ನಿಜವಾಗಿರಲಿ, ಏರು ಸ್ವಲ್ಪ ಮೆತ್ತಗಿರಲಿ.

ಕಟ್ಟುವ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ತಳಕ್ಕೆ ಒಳ್ಳೆಯ ಪ್ಲೈವುಡ್, ಅಡಿಯಲ್ಲಿ ಮರದ ಚೌಕಟ್ಟು. ಹಳಿ ಹೋಗುವ ದಾರಿಯನ್ನು ಮಾತ್ರ ಪ್ಲೈವುಡ್ಡಿನಲ್ಲಿ ಕತ್ತರಿಸಿ ಬೇಕಾದ ಎತ್ತರಕ್ಕೆ ಮರದ ತುಂಡುಗಳ ಮೇಲೆ ನಿಲ್ಲಿಸಬೇಕು. ಹಳಿ ಜೋಡಿಸಿ, ತಂತಿ ಬೆಸೆದು, ಕಡಿಮೆ ವೋಲ್ಟೇಜಿನ ವಿದ್ಯುತ್ತಿನಲ್ಲಿ ಹತ್ತಾರು ದಿನ ಗಾಡಿ ಓಡಿಸಿ ನೋಡಬೇಕು. ಎಲ್ಲಿಯೂ ನಿಲ್ಲದೆ, ಹಳಿ ತಪ್ಪದೆ ಓಡಿದ ಮೇಲೆಯೇ ಬೆಟ್ಟ ಕಟ್ಟಲು ಕೈಹಾಕಬೇಕು. ಬೆಟ್ಟಕ್ಕೆ ಥರ್ಮೋಕೋಲ್ ಪದರಗಳನ್ನು ಅಂಟಿಸಿ ಕೆತ್ತಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿಯಬಹುದು. ಅಲ್ಯೂಮಿನಿಯಂ ಹಾಳೆಯನ್ನು ಮುದುರಿ ಬಿಡಿಸಿ, ಅದರಲ್ಲಿ ಪ್ಲಾಸ್ಟರ್ ಎರಕ ಹೊಯ್ದರೆ ಬಂಡೆಯ ಬಿರುಕುಗಳು ತಾವಾಗಿಯೇ ಮೂಡುತ್ತವೆ. ತೆಳುವಾದ ಕಪ್ಪು ನೀರುಬಣ್ಣವನ್ನು ಮೇಲಿನಿಂದ ಹರಿಸಿದರೆ ಆ ಬಿರುಕುಗಳಿಗೆ ಆಳ ಬರುತ್ತದೆ. ಸುರಂಗದ ಹಿಂಭಾಗದಲ್ಲಿ ಕೈ ತೂರುವಷ್ಟು ಕಿಂಡಿ ಬಿಡುವುದನ್ನು ಮರೆಯಬಾರದು. ಗಾಡಿ ಹಳಿ ತಪ್ಪುವುದು ಯಾವಾಗಲೂ ಕೈಗೆಟುಕದ ಕತ್ತಲೆಯಲ್ಲೇ! ನಮ್ಮ ಮನೆಗಳ ಧೂಳಿಗೆ ಬೇರೆ ಉಪಾಯವಿಲ್ಲ. ಆಗಾಗ್ಗೆ ಹಳಿಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು, ಮಾದರಿಯನ್ನು ಬಟ್ಟೆಯಿಂದ ಮುಚ್ಚಿಡಬೇಕು.

ಮುಂದಿನ ಪ್ರಶ್ನೆ ಕಾಲದ್ದು. ನೀವು ಕಟ್ಟುತ್ತಿರುವುದು ಯಾವ ವರ್ಷದ ರೈಲನ್ನು? ಜೋಡಿಸಿದ ಒಡಲನ್ನು ತಿರುವಿಗೆ ತಕ್ಕಂತೆ ಬಳುಕಿಸುವ, 'ಮೊಸಳೆ' ಎಂಬ ಅಡ್ಡಹೆಸರಿನ ಕಂದು ಬಣ್ಣದ ವಿದ್ಯುತ್ ಎಂಜಿನ್ನುಗಳನ್ನು ರೇಷಿಯನ್ ರೈಲ್ವೆ 1921ರಿಂದ 1929ರವರೆಗೆ ಒಟ್ಟು 15 ತರಿಸಿಕೊಂಡಿತು. ಹಸಿರಾಗಿದ್ದ ಗಾಡಿಗಳು ಇಂದಿನ ಕೆಂಪು ಬಣ್ಣಕ್ಕೆ ತಿರುಗಿದ್ದು 1980ರ ದಶಕದಲ್ಲಿ. ಪ್ರೆಡಾ ನಿಲ್ದಾಣವನ್ನು ಕಟ್ಟುವುದಾದರೆ ಅಲ್ಲಿಂದ ಹೊರಡುವ 5865 ಮೀಟರ್ ಉದ್ದದ ಹಳೆಯ ಸುರಂಗದ ಕಾಲವೋ, ಅಥವಾ ಅದರ ಪಕ್ಕದಲ್ಲಿ ಕೊರೆದು 2024ರ ಜೂನ್ ತಿಂಗಳಲ್ಲಿ ಬಳಕೆಗೆ ತಂದ ಹೊಸ ಸುರಂಗದ ಕಾಲವೋ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಹಳೆಯ ಛಾಯಾಚಿತ್ರ, ನಕ್ಷೆ, ವೇಳಾಪಟ್ಟಿಗಳನ್ನು ಹುಡುಕಿ ಓದುವ ಈ ಕೆಲಸ ಕೈಗೆಲಸಕ್ಕಿಂತ ಕಡಿಮೆಯದಲ್ಲ. ಮಾದರಿ ಕಟ್ಟುವವನು ಅರಿವಿಲ್ಲದೆಯೇ ಇತಿಹಾಸದ ವಿದ್ಯಾರ್ಥಿಯಾಗುತ್ತಾನೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ಗೆ ಹೋಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ 1930ರಲ್ಲಿ ಆರಂಭವಾಯಿತು. ಸುಮಾರು ಎಂಟು ಗಂಟೆಗಳ ಪಯಣ, 291 ಸೇತುವೆ, 91 ಸುರಂಗ. ಪ್ರವಾಸಿಗರ ಕಣ್ಣಿಗೆ ಸ್ವಿಸ್ ನ್ಯಾರೋಗೇಜ್ ಎಂದರೆ ಇದೊಂದೇ. ಆದರೆ ಆ ಹಳಿಗಳು ಹುಟ್ಟಿದ್ದು ಪ್ರವಾಸಿಗರಿಗಾಗಿ ಮಾತ್ರವಲ್ಲ. ಕಣಿವೆಯ ಹಳ್ಳಿಗಳಿಗೆ ದಿನಸಿ, ಅಂಚೆ, ಸಿಮೆಂಟು ಬರುವುದು, ಅಲ್ಲಿಂದ ಮರದ ದಿಮ್ಮಿ ಹೋಗುವುದು ಇದೇ ದಾರಿಯಲ್ಲಿ. ನಾಲ್ಕು ಬೋಗಿ ಪ್ರಯಾಣಿಕರ ಹಿಂದೆ ಎರಡು ಗೂಡ್ಸ್ ವ್ಯಾಗನ್ನು ಕಟ್ಟಿಕೊಂಡು ಗಾಡಿ ಹೊರಡುವುದು ಅಲ್ಲಿ ರೂಢಿ. ಶಾಲೆಯ ಮಕ್ಕಳೂ ದಿಮ್ಮಿಗಳೂ ಒಂದೇ ಗಾಡಿಯಲ್ಲಿ! ಮಾದರಿಯಲ್ಲಿ ಅಂಥ ಮಿಶ್ರ ಗಾಡಿಯೊಂದನ್ನು ಓಡಿಸಿ ನೋಡಿ. ನಿಲ್ದಾಣದಲ್ಲಿ ಗಾಡಿ ನಿಲ್ಲಬೇಕು, ವ್ಯಾಗನ್ ಕಳಚಬೇಕು, ಪಕ್ಕದ ಹಳಿಗೆ ಸರಿಸಬೇಕು, ಎದುರು ಗಾಡಿಗೆ ಕಾಯಬೇಕು. ಸುಮ್ಮನೆ ಸುತ್ತು ಹೊಡೆಯುವ ಎಕ್ಸ್‌ಪ್ರೆಸ್ಸನ್ನು ಹತ್ತು ನಿಮಿಷ ನೋಡಿದರೆ ಬೇಸರ ಬರುತ್ತದೆ. ಕೆಲಸವಿರುವ ಗಾಡಿ ಗಂಟೆಗಟ್ಟಲೆ ಬೇಸರ ತರಿಸುವುದಿಲ್ಲ. ಆ ಊರಿಗೆ ರೈಲು ಯಾಕೆ ಬೇಕಾಗಿತ್ತು ಎಂಬುದೂ ಆಗ ಅರ್ಥವಾಗುತ್ತದೆ.

ಕೊನೆಯದಾಗಿ, ನಮಗೆ ಹತ್ತಿರದ ಒಂದು ನಂಟು. ಅತಿ ಕಡಿದಾದ ಏರುಗಳಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿಟ್ಟು, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುವ ವಿಧಾನವಿದೆ. ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಕ್ರಮದಲ್ಲಿ ಇಂಥ ಪಟ್ಟಿಗಳನ್ನು ಜೊತೆಜೊತೆಯಾಗಿ, ಹಲ್ಲುಗಳು ಒಂದರ ಪಕ್ಕದಲ್ಲಿ ಒಂದು ಸಮನಾಗಿ ಬಾರದಂತೆ ಇಡುತ್ತಾರೆ. ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತದೆ. ಜೆರ್ಮಾಟ್ ಮಾರ್ಗದಲ್ಲಿ ಇರುವ ಈ ಕ್ರಮವೇ ನಮ್ಮ ನೆರೆಯ ನೀಲಗಿರಿ ರೈಲಿನಲ್ಲೂ ಇದೆ. ಮೇಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ತೆರೆದ ಆ ದಾರಿಯೂ ಮೀಟರ್‌ಗೇಜೇ. ಅದರ ಎಕ್ಸ್ ದರ್ಜೆಯ ಹಳೆಯ ಉಗಿ ಎಂಜಿನ್ನುಗಳು ತಯಾರಾದದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಲ್ಲಿ. ಆದ್ದರಿಂದ ಎಚ್‌ಒಎಂನ 12 ಮಿಲಿಮೀಟರ್ ಹಳಿಯನ್ನು ತಂದವರು ಅದರ ಮೇಲೆ ಆಲ್ಪ್ಸ್ ಪರ್ವತವನ್ನೇ ಕಟ್ಟಬೇಕೆಂದಿಲ್ಲ. ಅದೇ ಹಳಿಯ ಮೇಲೆ ನೀಲಗಿರಿಯನ್ನೂ ಕಟ್ಟಬಹುದು, ಹಳೆಯ ಮೈಸೂರು ದಾರಿಯ ಒಂದು ಸಣ್ಣ ನಿಲ್ದಾಣವನ್ನೂ ಕಟ್ಟಬಹುದು. ಅಂಗಡಿಯಲ್ಲಿ ಅದರ ಎಂಜಿನ್ ಸಿಗಲಿಕ್ಕಿಲ್ಲ, ಕೈಯಿಂದಲೇ ಮಾಡಬೇಕಾದೀತು. ಆದರೆ ಆ ನಿಲ್ದಾಣದ ಹೆಂಚಿನ ಮಾಡು, ಬೇವಿನ ಮರ, ಕಲ್ಲುಬೆಂಚು ಹೇಗಿದ್ದವು ಎಂದು ಹೇಳಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಹಲಗೆ, ಹಳಿ ಯಾವುದೂ ಬೇಕಿಲ್ಲ. ಆ ಕೆಲಸವನ್ನು ಇಂದೇ ಆರಂಭಿಸಬಹುದು.

ರಜೆಯ ದಿನಗಳಲ್ಲಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ತ್ರಿಜ್ಯ, ಏರು, ಪ್ರಮಾಣ ಇವೆಲ್ಲ ಗಣಿತದ ಪುಸ್ತಕದಲ್ಲಿ ಒಣ ಮಾತುಗಳಾಗಿ ಕಾಣುತ್ತವೆ. ಗಾಡಿ ಸುರಂಗದ ಸೂರಿಗೆ ತಾಗಿ ನಿಂತಾಗ ಅವೇ ಮಾತುಗಳಿಗೆ ಜೀವ ಬರುತ್ತದೆ. ಸಣ್ಣದನ್ನು ಆರಿಸಿಕೊಳ್ಳಿ, ನಿಧಾನವಾಗಿ ಕಟ್ಟಿ, ಪೂರ್ತಿಯಾಗಿ ಮುಗಿಸಿ.